ಆದಿಮಾನವನ ನಾದವೂ ಚಿತ್ರವೂ

ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯಲ್ಲಿ, ಕೋಲಾರವು ಇನ್ನೂ ಹತ್ತು ಮೈಲಿಯಷ್ಟು ದೂರವಿರುವಾಗ, ನರಸಾಪುರವೆಂಬ ಊರು ಸಿಕ್ಕುತ್ತದೆ. ಈಗ ಅದು ಕೈಗಾರಿಕೆಗಳ ನೆಲೆ; ಅಲ್ಲಿ ಮೋಟಾರು ಸೈಕಲ್ಲುಗಳೂ ಮೊಬೈಲು ಫೋನುಗಳೂ ತಯಾರಾಗುತ್ತವೆ. ಆದರೆ ಕಾರ್ಖಾನೆಗಳ ಗೋಡೆಯನ್ನು ದಾಟಿ ಸ್ವಲ್ಪ ದೂರ ನಡೆದರೆ ಹಳೆಯ ಕೋಲಾರ ಸೀಮೆಯೇ ಕಣ್ಣಿಗೆ ಬೀಳುತ್ತದೆ: ರಾಗಿಯ ಹೊಲ, ಕೆರೆಯ ಏರಿ, ನೆಲವನ್ನು ಸೀಳಿಕೊಂಡು ಎದ್ದ ಬಂಡೆಗಳು, ಮೂಡಣ ದಿಕ್ಕಿಗೆ ದೂರದಲ್ಲಿ ಶತಶೃಂಗದ ಬೆಟ್ಟಸಾಲು. ಕೆಲವು ವರ್ಷಗಳ ಹಿಂದೆ ನಾವು ಕಾಲೇಜಿನ ಕೆಲವು ಮಂದಿ ವಿದ್ಯಾರ್ಥಿಗಳೊಡನೆ ಆ ದಾರಿಯಲ್ಲಿ ಹೋಗುತ್ತಿದ್ದಾಗ, ಊರಿನ ಹೊರಗೆ ಒಬ್ಬ ಮುದುಕ ಕಲ್ಲುಕುಟಿಗನು ಚಪ್ಪಡಿಗಳನ್ನು ಸಾಲಾಗಿ ಒರಗಿಸಿಕೊಂಡು, ಒಂದೊಂದನ್ನೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ತಲೆಯನ್ನು ಓರೆಮಾಡಿ ಆಲಿಸುತ್ತಿದ್ದುದನ್ನು ಕಂಡೆವು.

“ಏನು ಯಜಮಾನರೆ, ಕಲ್ಲಿಗೆ ಕಿವಿಗೊಟ್ಟಿದ್ದೀರಲ್ಲ?” ಎಂದು ಕೇಳಿದೆವು. “ಇದು ಮಾತಾಡ್ತದೆ ಸ್ವಾಮಿ, ಅದು ಮೂಗ” ಎಂದು ಆತನು ಎರಡು ಚಪ್ಪಡಿಗಳನ್ನು ತಟ್ಟಿ ತೋರಿಸಿದನು. ಒಂದರಿಂದ ಕಂಚಿನ ತಾಟನ್ನು ತಟ್ಟಿದಂತಹ ನಾದ ಬಂದಿತು. ಇನ್ನೊಂದು ಬರಿಯ ದೊಪ್ಪೆಂದಿತು. ಅದರ ಒಡಲಿನಲ್ಲಿ ಕಣ್ಣಿಗೆ ಕಾಣದ ಬಿರುಕಿದೆಯೆಂದು ಅದರ ಅರ್ಥ. ವಿದ್ಯಾರ್ಥಿಯೊಬ್ಬನು ನಗುತ್ತ, “ಹಾಗಾದರೆ ಕಲ್ಲೂ ಹಾಡುತ್ತದೆಯೇನು?” ಎಂದನು. “ಅದು ಹಾಡ್ದೆ ಹೋದ್ರೆ ನನ್ನ ಕೂಲಿ ಹೋಗ್ತದೆ” ಎಂದು ಹೇಳಿ ಮುದುಕನು ಮತ್ತೆ ತನ್ನ ಕೆಲಸಕ್ಕೆ ತೊಡಗಿದನು. ಆ ಮಾತು ನಮ್ಮ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. ಸಂಗೀತವೂ ಚಿತ್ರವೂ ಮನುಷ್ಯನಲ್ಲಿ ಹೇಗೆ ಹುಟ್ಟಿದುವು ಎಂಬ ಪ್ರಶ್ನೆಗೆ ನಾವು ಗ್ರಂಥಗಳಲ್ಲಿ ಓದಿದ ಎಷ್ಟೋ ಉತ್ತರಗಳಿಗಿಂತ ಆ ಒಂದು ಮಾತು ಹೆಚ್ಚು ಬೆಳಕನ್ನು ಕೊಡುತ್ತದೆಯೆಂದು ನಮಗೆ ತೋರುತ್ತದೆ. ಈ ಭಾಷಣದಲ್ಲಿ ಅದನ್ನೇ ಸ್ವಲ್ಪ ವಿಸ್ತರಿಸುತ್ತೇವೆ.

ಸಂಗೀತದ ಮೂಲ ಯಾವುದು ಎಂದು ಕೇಳಿದರೆ ವಿದ್ಯಾವಂತರಾದ ನಾವು ಸಾಮವೇದವೆನ್ನುತ್ತೇವೆ; ಭರತನ ನಾಟ್ಯಶಾಸ್ತ್ರವನ್ನು ಹೆಸರಿಸುತ್ತೇವೆ. ಚಿತ್ರಕಲೆಯ ಮೂಲ ಯಾವುದು ಎಂದರೆ ಅಜಂತೆಯ ಗುಹೆಗಳನ್ನು ನೆನೆಯುತ್ತೇವೆ. ಇವೆಲ್ಲ ಪೂಜ್ಯವಾದುವೇ. ಆದರೆ ಇವು ಮನುಷ್ಯನ ಚರಿತ್ರೆಯಲ್ಲಿ ಎಷ್ಟು ಈಚಿನವು ಎಂಬುದನ್ನು ನಾವು ಯೋಚಿಸುವುದು ಕಡಿಮೆ. ಮೊರಾಕೋ ದೇಶದ ಜೆಬೆಲ್ ಇರ್ಹೂದ್ ಎಂಬಲ್ಲಿ ದೊರೆತ, ನಮ್ಮ ಜಾತಿಯ ಮಾನವರವೆಂದು ಎಣಿಸಲಾದ ಎಲುಬುಗಳಿಗೆ ಸುಮಾರು ೩,೦೦,೦೦೦ ವರ್ಷಗಳಾಗಿವೆಯೆಂದು ೨೦೧೭ರಲ್ಲಿ ಪ್ರಕಟವಾಯಿತು. ಈ ದೀರ್ಘಕಾಲವನ್ನು ಒಂದು ಹಗಲು ಒಂದು ರಾತ್ರಿ ಎಂದು ಭಾವಿಸೋಣ. ಆಗ ಋಷಿಗಳು ಸಾಮವನ್ನು ಹಾಡಿದ ಕಾಲದಿಂದ ಈಚಿನದೆಲ್ಲ ಆ ದಿನದ ಕಡೆಯ ಕಾಲುಗಂಟೆ ಮಾತ್ರ. ಉಳಿದ ಇಪ್ಪತ್ತಮೂರು ಮುಕ್ಕಾಲು ಗಂಟೆಯ ಕಾಲ ಮನುಷ್ಯನು ಮೂಕನಾಗಿ, ನಾದವನ್ನೂ ರೂಪವನ್ನೂ ಅರಿಯದೆ ಬದುಕಿದ್ದನೆಂದು ನಂಬುವುದು ಕಷ್ಟ.

ಚಿತ್ರದ ಮಟ್ಟಿಗೆ ನಮಗೆ ಸಾಕ್ಷ್ಯ ಸಾಕಷ್ಟು ಉಂಟು. ಬಂಡೆಯ ಮೇಲೆ ಬಳಿದ ಕೆಮ್ಮಣ್ಣು ಸಾವಿರಾರು ವರ್ಷ ನಿಲ್ಲಬಲ್ಲುದು. ಆದರೆ ಹಾಡು ಬಾಯಿಂದ ಹೊರಟ ಗಳಿಗೆಯಲ್ಲಿಯೇ ಗಾಳಿಯಲ್ಲಿ ಸೇರಿಹೋಗುತ್ತದೆ. ವಾದ್ಯಗಳಾದರೂ ಉಳಿದಾವೆ ಎಂದರೆ ಅದೂ ಇಲ್ಲ. ಕೋಲಾರದ ಹಳ್ಳಿಗಳಲ್ಲಿ ಜಾತ್ರೆಯ ದಿನ ತಮಟೆಯವರು ಹುಲ್ಲಿಗೆ ಬೆಂಕಿ ಹಾಕಿ ತಮ್ಮ ತಮಟೆಗಳನ್ನು ಕಾಯಿಸುತ್ತಾರೆ. ಚರ್ಮ ಬಿಗಿಯಾಗಿ, ಸ್ವರ ಏರಿ, ಊರೆಲ್ಲ ಗುಡುಗುವಂತಾಗುತ್ತದೆ. ಆ ತಮಟೆಯನ್ನು ಮಣ್ಣಿನಲ್ಲಿ ಹೂತು ಐದುನೂರು ವರ್ಷ ಬಿಟ್ಟು ಅಗೆದರೆ ಏನು ಸಿಕ್ಕೀತು? ಚರ್ಮವಿಲ್ಲ, ಕೋಲಿಲ್ಲ, ಕಾಯಿಸಿದ ಬೆಂಕಿಯ ಬೂದಿಯೂ ಇಲ್ಲ. ಬಿದಿರಿನ ಕೊಳಲು, ಸೋರೆಬುರುಡೆಯ ತಂಬೂರಿ ಎಲ್ಲವುದರ ಗತಿಯೂ ಅದೇ. ಆದುದರಿಂದ ಪುರಾತನ ಸಂಗೀತವನ್ನು ಹುಡುಕುವವನು ಕೊಳೆಯದ ಎರಡು ವಸ್ತುಗಳನ್ನು ಮಾತ್ರ ನೆಚ್ಚಬೇಕು: ಒಂದು ಎಲುಬು, ಇನ್ನೊಂದು ಕಲ್ಲು.

ಮೊದಲು ಹೊರಗಿನ ಪ್ರಪಂಚದಲ್ಲಿ ಏನೇನು ದೊರೆತಿದೆಯೆಂಬುದನ್ನು ನೋಡೋಣ. ಸ್ಪೇನ್ ದೇಶದ ಆಲ್ತಮಿರಾ ಗುಹೆಯಲ್ಲಿ ೧೮೭೯ರಲ್ಲಿ ಸಾಉತುಓಲಾ ಎಂಬ ಗೃಹಸ್ಥನ ಎಳೆಯ ಮಗಳು ತಲೆಯೆತ್ತಿ ನೋಡಿ ಕಾಡುಕೋಣಗಳ ಚಿತ್ರಗಳನ್ನು ಕಂಡಳು. ತಂದೆ ಅವು ಆದಿಮಾನವನ ಕೃತಿಗಳೆಂದು ಸಾರಿದಾಗ ಪಂಡಿತರು ನಂಬಲಿಲ್ಲ. ಕಾಡುಮನುಷ್ಯನಿಗೆ ಇಂತಹ ಕೈ ಎಲ್ಲಿಂದ ಬಂತು ಎಂದರು. ಅವರ ಮುಖಂಡನಾಗಿದ್ದ ಕಾರ್ತಯ್ಯಾಕ್ ಎಂಬ ಫ್ರೆಂಚ್ ವಿದ್ವಾಂಸನು ೧೯೦೨ರಲ್ಲಿ ತನ್ನ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡನು. ಆದರೆ ಅಷ್ಟರಲ್ಲಿ ಸಾಉತುಓಲಾ ತೀರಿಹೋಗಿದ್ದನು. ನಮ್ಮವರು ಮರೆಯಬಾರದ ಸಂಗತಿಯೊಂದುಂಟು. ಆಲ್ತಮಿರಾಕ್ಕಿಂತ ಹನ್ನೆರಡು ವರ್ಷ ಮೊದಲೇ, ೧೮೬೭–೬೮ರಲ್ಲಿ, ಕಾರ್ಲೈಲ್ ಎಂಬ ಅಧಿಕಾರಿಯು ಉತ್ತರ ಭಾರತದ ಮಿರ್ಜಾಪುರ ಪ್ರಾಂತ್ಯದ ಬೆಟ್ಟಗಳಲ್ಲಿ ಬಂಡೆಯ ಚಿತ್ರಗಳನ್ನು ಕಂಡು, ಅವು ಪ್ರಾಚೀನ ಶಿಲಾಯುಗದವರ ಕೆಲಸವೆಂದು ಊಹಿಸಿದ್ದನು. ೧೯೫೭ರಲ್ಲಿ ವಾಕಣಕರ್ ಅವರು ಭೀಮಬೇಟ್ಕದ ಗುಹೆಗಳನ್ನು ಬೆಳಕಿಗೆ ತಂದರು. ೨೦೦೩ರಲ್ಲಿ ಅವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು.

ಈಚಿನ ಶೋಧನೆಗಳು ಚಿತ್ರದ ವಯಸ್ಸನ್ನು ಹಿಂದಕ್ಕೆ ಹಿಂದಕ್ಕೆ ತಳ್ಳುತ್ತಿವೆ. ದಕ್ಷಿಣ ಆಫ್ರಿಕದ ಬ್ಲಾಂಬಾಸ್ ಗುಹೆಯಲ್ಲಿ ಕೆಂಪು ಕಾವಿಕಲ್ಲಿನಿಂದ ಗೀರಿದ ಅಡ್ಡಗೆರೆಗಳ ಒಂದು ಚೂರು ದೊರೆತು, ಅದಕ್ಕೆ ೭೩,೦೦೦ ವರ್ಷವೆಂದು ೨೦೧೮ರಲ್ಲಿ ನಿರ್ಣಯಿಸಿದರು. ಇಂಡೊನೇಷಿಯದ ಸುಲವೇಸಿ ದ್ವೀಪದಲ್ಲಿ ಹಂದಿಯೊಂದನ್ನೂ ಅದರ ಸುತ್ತ ಮನುಷ್ಯಾಕೃತಿಗಳನ್ನೂ ಬರೆದ ಗುಹೆಗೆ ಕನಿಷ್ಠ ಪಕ್ಷ ೫೧,೨೦೦ ವರ್ಷವೆಂದು ೨೦೨೪ರಲ್ಲಿ ಪ್ರಕಟವಾಯಿತು. ನಾದದ ಮಟ್ಟಿಗೆ ಹೇಳುವುದಾದರೆ, ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ ೨೦೦೮ರಲ್ಲಿ ಒಂದು ಕೊಳಲು ಸಿಕ್ಕಿತು. ರಣಹದ್ದಿನ ರೆಕ್ಕೆಯ ಎಲುಬಿನಲ್ಲಿ ಐದು ರಂಧ್ರಗಳನ್ನು ಕೊರೆದು ಮಾಡಿದ್ದು. ಉದ್ದ ಸುಮಾರು ೨೨ ಸೆಂಟಿಮೀಟರು. ವಯಸ್ಸು ೩೫,೦೦೦ ವರ್ಷಕ್ಕೆ ಮೇಲ್ಪಟ್ಟುದು. ಆ ಸೀಮೆಯಲ್ಲಿಯೇ ದೊರೆತ ಬೇರೆ ಕೊಳಲುಗಳು ಇನ್ನೂ ಹಿಂದಿನವು. ಚೀನದ ಜಿಯಾಹು ಎಂಬಲ್ಲಿ ಕೊಕ್ಕರೆಯ ಎಲುಬಿನಿಂದ ಮಾಡಿದ ಸುಮಾರು ೯,೦೦೦ ವರ್ಷಗಳ ಹಿಂದಿನ ಕೊಳಲೊಂದು ಎಷ್ಟು ಸುಸ್ಥಿತಿಯಲ್ಲಿತ್ತೆಂದರೆ, ವಿದ್ವಾಂಸರು ಅದನ್ನು ಊದಿ ಸ್ವರಗಳನ್ನು ಅಳೆದರು.

ಕೊಳಲಿಗೆ ಐದು ರಂಧ್ರಗಳನ್ನು ಅಳತೆಯಿಟ್ಟು ಕೊರೆದವನು ಸಂಗೀತದ ಮೊದಲಿಗನಾಗಿರಲಾರ. ಆತನ ಹಿಂದೆ ಎಷ್ಟೋ ಸಾವಿರ ವರ್ಷಗಳ ಅಭ್ಯಾಸವಿರಬೇಕು. ಆ ಅಭ್ಯಾಸ ಹೇಗೆ ಮೊದಲಾಯಿತು? ಹತ್ತೊಂಬತ್ತನೆಯ ಶತಮಾನದ ಪಾಶ್ಚಾತ್ಯ ಪಂಡಿತರು ಇದಕ್ಕೆ ಮುಖ್ಯವಾಗಿ ಮೂರು ಉತ್ತರಗಳನ್ನು ಕೊಟ್ಟರು. ಹರ್ಬರ್ಟ್ ಸ್ಪೆನ್ಸರನು ೧೮೫೭ರಲ್ಲಿ, ಭಾವೋದ್ರೇಕದಿಂದ ಏರಿಳಿಯುವ ಮಾತೇ ಹಾಡಾಯಿತೆಂದನು. ಡಾರ್ವಿನನು ೧೮೭೧ರಲ್ಲಿ ಇದನ್ನು ತಿರುವುಮುರುವು ಮಾಡಿ, ಹಾಡೇ ಮಾತಿಗಿಂತ ಮೊದಲಿನದು. ಹಕ್ಕಿಗಳಲ್ಲಿರುವಂತೆ ಮನುಷ್ಯನ ಪೂರ್ವಿಕರಲ್ಲಿಯೂ ಅದು ಸಂಗಾತಿಯನ್ನು ಒಲಿಸಿಕೊಳ್ಳುವ ಸಾಧನವಾಗಿತ್ತು ಎಂದನು. ಕಾರ್ಲ್ ಬ್ಯೂಷರ್ ಎಂಬ ಜರ್ಮನ್ ಅರ್ಥಶಾಸ್ತ್ರಜ್ಞನು ೧೮೯೬ರಲ್ಲಿ, ಲಯದ ತಾಯಿ ದುಡಿಮೆಯೆಂದು ವಾದಿಸಿದನು: ಹಲವರು ಕೂಡಿ ಎತ್ತುವಾಗ, ಎಳೆಯುವಾಗ, ಕುಟ್ಟುವಾಗ ಮೈಯ ಚಲನೆ ಒಂದು ತಾಳಕ್ಕೆ ಬರುತ್ತದೆ, ಆ ತಾಳಕ್ಕೆ ದನಿ ಸೇರಿದರೆ ಹಾಡು.

ಈ ಮೂರರಲ್ಲಿ ಮೂರನೆಯದನ್ನು ನಮ್ಮ ಕೋಲಾರದ ಹೆಂಗಸರಿಗೆ ಯಾರೂ ಬೋಧಿಸಬೇಕಾಗಿರಲಿಲ್ಲ. ರಾಗಿಯ ಸೀಮೆಯಲ್ಲಿ ಬೀಸುವ ಕಲ್ಲಿಲ್ಲದ ಮನೆಯಿರಲಿಲ್ಲ. ಪದವಿಲ್ಲದೆ ಬೀಸುವ ಕೈಯೂ ಇರಲಿಲ್ಲ. ನಸುಕಿನಲ್ಲಿ ಎದ್ದು ಇಬ್ಬರು ಹೆಂಗಸರು ಎದುರುಬದುರಾಗಿ ಕುಳಿತು ಗೂಟವನ್ನು ಹಿಡಿದರೆಂದರೆ, ಕಲ್ಲಿನ ಸುತ್ತೇ ಶ್ರುತಿ, ಕಲ್ಲಿನ ಸುತ್ತೇ ತಾಳ. ಕಪಿಲೆ ಹೊಡೆಯುವ ಗಂಡಸಿಗೂ ಎತ್ತು ಹಿಂದಕ್ಕೆ ನಡೆಯುವಾಗ ಒಂದು ಧಾಟಿ, ಮುಂದಕ್ಕೆ ನಡೆಯುವಾಗ ಒಂದು ಧಾಟಿ. ಹಿಟ್ಟಿನ ಗಿರಣಿಯೂ ನೀರಿನ ಪಂಪೂ ಬಂದಮೇಲೆ ಆ ಪದಗಳು ಬಹುಮಟ್ಟಿಗೆ ನಿಂತುಹೋದುವು. ಕೆಲಸ ಹೋಯಿತು, ಅದರ ಹಿಂದೆ ಹಾಡೂ ಹೋಯಿತು. ಒಂದು ಇನ್ನೊಂದಕ್ಕೆ ಎಷ್ಟು ಅಂಟಿಕೊಂಡಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆದರೂ ಇದು ನಿನ್ನೆ ಮೊನ್ನೆಯ ನಿದರ್ಶನ. ಶಿಲಾಯುಗದ ಸಾಕ್ಷ್ಯವೇ ಬೇಕೆನ್ನುವವರು ಕೋಲಾರವನ್ನು ಬಿಟ್ಟು ಉತ್ತರಕ್ಕೆ, ಬಳ್ಳಾರಿಯ ಕಡೆಗೆ, ನಮ್ಮೊಡನೆ ಬರಬೇಕು.

ಬಳ್ಳಾರಿಯ ಪಕ್ಕದಲ್ಲಿ ಸಂಗನಕಲ್ಲು ಎಂಬ ಊರೂ ಕಪ್ಪಗಲ್ಲು ಎಂಬ ಊರೂ ಇವೆ. ಇವೆರಡರ ನೆರೆಯಲ್ಲಿ ಬೋಳು ಬಂಡೆಗಳ ಬೆಟ್ಟಗಳು. ಅವುಗಳಲ್ಲಿ ದೊಡ್ಡದಕ್ಕೆ ಹಿರೇಗುಡ್ಡವೆಂದು ಹೆಸರು. ೧೮೬೩ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಮೊದಲು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟರು ಈ ಬೆಟ್ಟಗಳಲ್ಲಿಯೂ ಸಂಚರಿಸಿದ್ದರು. ೧೯೪೮ರಲ್ಲಿ ಬಿ. ಸುಬ್ಬರಾವ್ ಅವರು ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದರು. ಈ ಬೆಟ್ಟಗಳ ಮೇಲೆ ಕ್ರಿಸ್ತಪೂರ್ವ ೩೦೦೦ದಿಂದ ಸುಮಾರು ೧೨೦೦ರವರೆಗೆ ಹೊಸ ಶಿಲಾಯುಗದ ಜನರು ದನಗಳನ್ನು ಸಾಕಿಕೊಂಡು, ಕಾಳುಗಳನ್ನು ಬೆಳೆದುಕೊಂಡು, ಕಲ್ಲಿನ ಕೊಡಲಿಗಳನ್ನು ಮಾಡಿಕೊಂಡು ಬದುಕಿದರು. ಹಿಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ವ್ಹೀಲರ್ ಅವರು ನಡೆಸಿದ ಅಗೆತದಲ್ಲಿಯೂ ನುಣುಪು ಕೊಡಲಿಗಳನ್ನು ಬಳಸುತ್ತಿದ್ದ ಇಂತಹ ಜನರ ನೆಲೆಯೇ ಕಂಡುಬಂದಿತು. ನಮ್ಮ ಕೋಲಾರ ಜಿಲ್ಲೆಯ ಬನಹಳ್ಳಿಯಲ್ಲಿಯೂ ಹೊಸ ಶಿಲಾಯುಗದ ನೆಲೆ ದೊರೆತಿದೆ. ಆದುದರಿಂದ ಸಂಗನಕಲ್ಲಿನವರು ನಮಗೆ ಪರಕೀಯರಲ್ಲ. ಅವರ ಬಂಧುಬಳಗ ಇಲ್ಲಿಯೂ ಇತ್ತು.

ಹಿರೇಗುಡ್ಡದ ಬೆಣಚು ಬಂಡೆಗಳ ನಡುವೆ ಕರಿಕಲ್ಲಿನ ಒಂದು ಉದ್ದವಾದ ಪಟ್ಟೆ ಹಾದುಹೋಗುತ್ತದೆ. ಪೂರ್ವದಲ್ಲಿ ಬಂಡೆಯ ಬಿರುಕಿನೊಳಕ್ಕೆ ನೆಲದಾಳದಿಂದ ಕಾದ ರಸವು ನುಗ್ಗಿ ಗಟ್ಟಿಯಾದುದು ಅದು. ಭೂವಿಜ್ಞಾನಿಗಳು ಆ ಕಲ್ಲನ್ನು ಡೋಲರೈಟ್ ಎನ್ನುತ್ತಾರೆ. ಬೆಂಗಳೂರು ಕೋಲಾರಗಳ ನೆಲದಲ್ಲಿಯೂ ಇಂತಹ ಪಟ್ಟೆಗಳು ಅನೇಕ ಉಂಟು. ಅವು ಇನ್ನೂರು ಕೋಟಿ ವರ್ಷಗಳಿಗೂ ಹಳೆಯವು. ಹಿರೇಗುಡ್ಡದ ಕರಿಕಲ್ಲು ಒಡೆದು ಉರುಳಿ ರಾಶಿಯಾಗಿ ಬಿದ್ದಿರುವ ಕಡೆ, ಗುಂಡುಗಳ ಮೇಲೆ ನೂರಾರು ಚಿತ್ರಗಳಿವೆ. ಹೆಚ್ಚಿನವು ಉದ್ದ ಕೊಂಬಿನ, ಹಿಣಿಲೆತ್ತಿದ ಗೂಳಿಗಳು. ನಡುನಡುವೆ ಮನುಷ್ಯರು, ಕೆಲವೆಡೆ ಕೈಕೈ ಹಿಡಿದ ಸಾಲುಗಳು. ಎಫ್. ಫಾಸೆಟ್ ಎಂಬ ಅಧಿಕಾರಿಯು ೧೮೯೨ರಲ್ಲಿ ಇವನ್ನು ಕುರಿತು ಬರೆದನು. ಬಳಿಕ ಬಹುಕಾಲ ಪಂಡಿತರಿಗೆ ಅವುಗಳ ಜಾಡು ತಪ್ಪಿಹೋಯಿತು. ಊರ ದನಗಾಹಿಗಳಿಗೆ ಮಾತ್ರ ತಪ್ಪಿರಲಾರದು. ನಿಕೋಲ್ ಬೋಯಿವಿನ್ ಎಂಬ ವಿದುಷಿಯು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ರವಿ ಕೋರಿಶೆಟ್ಟರ್ ಮೊದಲಾದವರೊಡನೆ ಸಂಗನಕಲ್ಲಿನಲ್ಲಿ ಶೋಧನೆ ನಡೆಸಿ, ೨೦೦೪ರಲ್ಲಿ ಈ ಬಂಡೆಗಳನ್ನು ಮತ್ತೆ ಲೋಕದ ಗಮನಕ್ಕೆ ತಂದರು.

ಅವರು ಬರೆದುದರಲ್ಲಿ ನಮ್ಮನ್ನು ಬೆರಗುಗೊಳಿಸಿದ ಸಂಗತಿ ಚಿತ್ರವಲ್ಲ, ನಾದ. ಅಲ್ಲಿಯ ಕೆಲವು ಗುಂಡುಗಳನ್ನು ಸಣ್ಣ ಕಲ್ಲಿನಿಂದ ತಟ್ಟಿದರೆ ಅವು ಜಾಗಟೆಯಂತೆ ಮೊಳಗುತ್ತವೆ. ಹಾಗೆ ಮೊಳಗುವ ಗುಂಡುಗಳ ಮೇಲೆ, ಸರಿಯಾಗಿ ನಾದ ಹೊರಡುವ ಜಾಗದಲ್ಲಿ, ತಟ್ಟಿ ತಟ್ಟಿ ಸವೆದ ಬಟ್ಟಲಿನಂತಹ ಗುಣಿಗಳಿವೆ. ಒಂದೆರಡು ಏಟಿನಿಂದ ಕರಿಕಲ್ಲು ಸವೆಯುವುದಿಲ್ಲ. ಎಷ್ಟೋ ಕೈಗಳು, ಎಷ್ಟೋ ತಲೆಮಾರುಗಳ ಕಾಲ, ಅದೇ ಜಾಗವನ್ನು ಹುಡುಕಿ ಅಲ್ಲಿಗೇ ಬಡಿದಿರಬೇಕು. ಎಲುಬಿನ ಕೊಳಲಿಗೆ ರಂಧ್ರ ಹೇಗೋ ಈ ಬಂಡೆಗೆ ಈ ಗುಣಿ ಹಾಗೆ. ಕಿವಿಯುಳ್ಳ ಕೈ ಬಿಟ್ಟುಹೋದ ಗುರುತು ಅದು.

ಈಗ ಮೂರು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡೋಣ. ಮೊದಲನೆಯದು: ಹಿರೇಗುಡ್ಡದ ಕರಿಕಲ್ಲು ಆ ಕಾಲದ ಕೊಡಲಿಯ ಕಾರ್ಖಾನೆ. ಅಲ್ಲಿಯ ಜನರು ಆ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಮೇಲ್ಮೈಯನ್ನು ಕುಟ್ಟಿ ಕುಟ್ಟಿ ಸಮಮಾಡಿ, ಕಡೆಗೆ ಬಂಡೆಯ ಮೇಲೆ ಉಜ್ಜಿ ನುಣುಪುಮಾಡುತ್ತಿದ್ದರು. ಕೊಡಲಿಯನ್ನು ಉಜ್ಜಿದ ಕಾಲುವೆಗಳು ಸಂಗನಕಲ್ಲಿನ ಬಂಡೆಗಳ ಮೇಲೆ ಇಂದಿಗೂ ಕಾಣುತ್ತವೆ. ಎರಡನೆಯದು: ಆ ಚಿತ್ರಗಳನ್ನು ಬಣ್ಣದಿಂದ ಬರೆದಿಲ್ಲ, ಉಳಿಯಿಂದ ಕೆತ್ತಿಯೂ ಇಲ್ಲ. ಕೊಡಲಿಯ ಮೈಯನ್ನು ಹೇಗೆ ಕುಟ್ಟುತ್ತಿದ್ದರೋ ಹಾಗೆಯೇ ಬಂಡೆಯ ಕಪ್ಪು ಮೇಲ್ಪದರವನ್ನು ಕಲ್ಲಿನಿಂದ ಕುಟ್ಟಿ, ಒಳಗಿನ ತಿಳಿಬಣ್ಣವನ್ನು ಹೊರಗೆಡಹಿ ಆ ಗೂಳಿಗಳನ್ನು ಮೂಡಿಸಿದ್ದಾರೆ. ಮೂರನೆಯದು: ಆ ಕಲ್ಲು ಕುಟ್ಟಿದರೆ ನುಡಿಯುವ ಕಲ್ಲು.

ಅಂದಮೇಲೆ ಕೊಡಲಿ, ಚಿತ್ರ, ನಾದ ಈ ಮೂರಕ್ಕೂ ಕಾರಣವಾದುದು ಒಂದೇ ಕಲ್ಲು, ಒಂದೇ ಕೈ, ಒಂದೇ ಏಟು. ಕೊಡಲಿ ಮಾಡುವವನು ಆ ಕಲ್ಲಿನ ದನಿಯನ್ನು ಕೇಳದೆ ಇರುವಂತೆಯೇ ಇರಲಿಲ್ಲ. ಒಳಗೆ ಬಿರುಕಿದ್ದ ಕಲ್ಲು ದೊಪ್ಪೆಂದರೆ ಅವನು ಅದನ್ನು ಎಸೆದಿರಬೇಕು. ಗಟ್ಟಿ ಕಲ್ಲು ಖಣಿಲೆಂದರೆ ಆರಿಸಿಕೊಂಡಿರಬೇಕು. ನರಸಾಪುರದ ಮುದುಕನು ಮಾಡುತ್ತಿದ್ದುದೂ ಅದೇ. ಹೀಗೆ ಹೊಟ್ಟೆಪಾಡಿಗಾಗಿ ಕಿವಿ ತೀಡಿದವನು ಒಂದು ದಿನ, ಕೊಡಲಿಯ ಗೊಡವೆಯಿಲ್ಲದೆ, ಆ ದನಿಯ ಸೊಗಸಿಗಾಗಿಯೇ ಮತ್ತೊಮ್ಮೆ ತಟ್ಟಿದನು. ಪಕ್ಕದವನು ಅದಕ್ಕೆ ಎದುರಾಗಿ ಇನ್ನೊಂದು ಗುಂಡನ್ನು ತಟ್ಟಿದನು. ಗೂಳಿಯ ಚಿತ್ರವನ್ನು ಕುಟ್ಟುತ್ತಿದ್ದವನ ಏಟುಗಳೇ ತಾಳವಾಗಿ, ಸುತ್ತ ನಿಂತವರ ಕಾಲು ಕುಣಿದಿರಬೇಕು. ಆ ಚಿತ್ರಗಳಲ್ಲಿ ಕೆಲವು ಎಷ್ಟು ದುರ್ಗಮವಾದ ಜಾಗದಲ್ಲಿವೆಯೆಂದರೆ, ಮೈಯನ್ನು ತಿರುಚಿಕೊಂಡೋ ಮೇಲಿನಿಂದ ಜೋತುಬಿದ್ದುಕೊಂಡೋ ಅವನ್ನು ಮೂಡಿಸಿರಬೇಕು. ನೋಡುವವರ ಅನುಕೂಲಕ್ಕೆ ಮಾಡಿದ ಚಿತ್ರವಲ್ಲ ಅದು. ಚಿತ್ರ ಮುಗಿದಮೇಲೆ ನೋಡುವುದಕ್ಕಿಂತ, ಅದನ್ನು ಕುಟ್ಟಿ ಮೂಡಿಸುವ ಕ್ರಿಯೆಯೇ ಅವರಿಗೆ ದೊಡ್ಡದಾಗಿತ್ತು ಎಂದು ಊಹಿಸಲು ಇದು ಆಸ್ಪದ ಕೊಡುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಹೋಲೆ ಫೆಲ್ಸಿನ ಕೊಳಲಿಗೆ ೩೫,೦೦೦ ವರ್ಷ. ಕಪ್ಪಗಲ್ಲಿನ ಬಂಡೆಗೆ ನಾಲ್ಕೈದು ಸಾವಿರ. ಅಷ್ಟು ಈಚಿನದರಿಂದ ಮೂಲವನ್ನು ತಿಳಿಯುವುದು ಹೇಗೆ? ಆಕ್ಷೇಪಣೆ ನ್ಯಾಯವಾದುದೇ. ಕಪ್ಪಗಲ್ಲಿನಲ್ಲಿ ಸಂಗೀತ ಮೊದಲು ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಕಾವೇರಿ ಹುಟ್ಟುವುದು ತಲಕಾವೇರಿಯಲ್ಲಿ. ಆದರೆ ಭೂಮಿಯೊಳಗಿನ ನೀರು ಹೊರಕ್ಕೆ ಹೇಗೆ ಉಕ್ಕುತ್ತದೆಯೆಂಬುದನ್ನು ತಿಳಿಯಲು ನಮ್ಮೂರಿನ ಊಟೆಯನ್ನು ನೋಡಿದರೂ ಸಾಕು. ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ನೀರು ಬೀಳುವುದನ್ನು ಕಂಡವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಕಲೆಯೂ ಒಂದೇ ಸಲ ಒಂದೇ ಕಡೆ ಹುಟ್ಟಿ ಹರಡಿದ ವಸ್ತುವಲ್ಲ. ಕೈ ಎಲ್ಲೆಲ್ಲಿ ಮನಸ್ಸಿಟ್ಟು ದುಡಿಯಿತೋ ಅಲ್ಲಲ್ಲಿ ಅದು ಮರಳಿ ಮರಳಿ ಉಕ್ಕಿದೆ. ಹಾಗೆ ಉಕ್ಕಿದುದರ ಗುರುತು ಕಪ್ಪಗಲ್ಲಿನಲ್ಲಿ ಅಳಿಯದೆ ನಿಂತಿದೆ.

ಆ ಜನರು ಗೂಳಿಯನ್ನೇ ಅಷ್ಟು ಬಾರಿ ಏಕೆ ಮೂಡಿಸಿದರು? ಕಾರಣ ಅವರ ಜೀವನದಲ್ಲಿಯೇ ಇದೆ. ಬಳ್ಳಾರಿ ರಾಯಚೂರು ಸೀಮೆಗಳಲ್ಲಿ ದೊಡ್ಡ ದೊಡ್ಡ ಬೂದಿದಿಬ್ಬಗಳುಂಟು. ಜನರು ಅವನ್ನು ರಾಕ್ಷಸರ ಚಿತಾಭಸ್ಮವೆನ್ನುತ್ತಿದ್ದರು; ಹಂಪೆಯ ಬಳಿಯ ನಿಂಬಾಪುರದ ದಿಬ್ಬವು ವಾಲಿಯನ್ನು ಸುಟ್ಟ ಬೂದಿಯೆಂದು ಪ್ರತೀತಿ. ೧೯೫೭ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಉಟ್ನೂರಿನ ದಿಬ್ಬವನ್ನು ಅಗೆದು, ಅದು ದನದ ಹಟ್ಟಿಯಲ್ಲಿ ಕೂಡಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಆದುದೆಂದು ತೋರಿಸಿದರು. ದನಗಳ ಗೊರಸಿನ ಗುರುತುಗಳೂ ಅಲ್ಲಿ ಸಿಕ್ಕಿದುವು. ದನವೇ ಅವರ ಧನ. ಬೆಳಗಾದರೆ ದನದ ಮುಖ, ಬೈಗಾದರೆ ದನದ ಧೂಳು. ಹಾಗಿರುವಲ್ಲಿ ಕೈಗೆ ಮೊದಲು ಬಂದ ರೂಪ ಗೂಳಿಯದಾದುದು ಸಹಜವೇ. ನಮ್ಮ ಹಳ್ಳಿಕಾರ್ ಎತ್ತಿನ ಬೆನ್ನ ಕಡೆಗೆ ಬಾಗಿದ ಕೊಂಬುಗಳನ್ನು ಕಂಡು ಹೆಮ್ಮೆಪಡುವ ಕೋಲಾರದ ರೈತನು ಆ ಬಂಡೆಯ ಮುಂದೆ ನಿಂತರೆ, ಬರೆದವನ ಮನಸ್ಸನ್ನು ಪಂಡಿತನಿಗಿಂತ ಬೇಗ ತಿಳಿದಾನು.

ಕಲ್ಲಿನ ನಾದದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಕಬ್ಬಿಣದ ಕಾಲದಲ್ಲಿಯೂ ಅದು ಕೇಳಿಬರುತ್ತದೆ. ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ, ಎರಡು ಸಾವಿರ ವರ್ಷಗಳಿಗೂ ಹಿಂದಿನ, ನಾಲ್ಕುನೂರರಷ್ಟು ಕಲ್ಮನೆಗಳೂ ಸಮಾಧಿಗಳೂ ಇವೆ. ಜನರು ಅದನ್ನು ಮೋರ್ಯರ ಗುಡ್ಡವೆನ್ನುತ್ತಾರೆ. ಅಲ್ಲಿ ಎತ್ತರವಾದ ಒಂದು ಬಂಡೆಯ ನೆತ್ತಿಯಲ್ಲಿ ನಗಾರಿಯ ಆಕಾರದ ದೊಡ್ಡ ಕಲ್ಲೊಂದುಂಟು. ಅದರ ಅಡ್ಡಳತೆ ಸುಮಾರು ಎರಡು ಮೀಟರು. ಮರದ ಕೊಡತಿಯಿಂದ ಬಡಿದರೆ ಅದರ ಸದ್ದು ಒಂದು ಕಿಲೋಮೀಟರಿನಾಚೆಗೂ ಕೇಳುತ್ತದೆ. ೨೦೨೧ರಲ್ಲಿ ಈ ಸ್ಥಳವು ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ಸೇರಿತು. ಇನ್ನೂ ಮುಂದೆ ಬಂದರೆ, ನಮ್ಮ ಶಿಲ್ಪಶಾಸ್ತ್ರಗಳು ಪ್ರತಿಮೆಗೆ ಶಿಲೆಯನ್ನು ಆರಿಸುವಾಗ ತಟ್ಟಿ ನೋಡಬೇಕೆನ್ನುತ್ತವೆ. ದನಿಯಿಂದಲೇ ಪುಂಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂಬ ಭೇದವನ್ನು ಹೇಳುತ್ತವೆ. ಹಂಪೆಯ ವಿಜಯ ವಿಠ್ಠಲನ ಗುಡಿಯಲ್ಲಿ ಸ್ವರ ನುಡಿಯುವ ಕಂಬಗಳನ್ನು ನಿಲ್ಲಿಸಿದ ಶಿಲ್ಪಿಯ ಕಿವಿ ಎಲ್ಲಿ ಪಳಗಿತು ಎಂದು ಆಶ್ಚರ್ಯಪಡುತ್ತೇವೆ. ಅವನ ಸೀಮೆಯ ಬಂಡೆಗಳು ಅವನಿಗಿಂತ ಮೂರು ಸಾವಿರ ವರ್ಷ ಮೊದಲೇ ಮನುಷ್ಯನ ಕಿವಿಯನ್ನು ಪಳಗಿಸಲು ತೊಡಗಿದ್ದುವು.

ಇಷ್ಟೆಲ್ಲ ಹೇಳಿದುದರ ತಾತ್ಪರ್ಯವೇನು? ಕಲೆಯು ಬಿಡುವಿನ ಕೂಸೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಹೊಟ್ಟೆ ತುಂಬಿದ ಮೇಲೆ ಹಾಡು, ಮನೆ ಕಟ್ಟಿದ ಮೇಲೆ ಚಿತ್ರ ಎಂಬುದು ನಮ್ಮ ಲೆಕ್ಕಾಚಾರ. ಕಪ್ಪಗಲ್ಲಿನ ಬಂಡೆ ಬೇರೆ ಲೆಕ್ಕವನ್ನು ಹೇಳುತ್ತದೆ. ಅಲ್ಲಿ ಹಾಡು ದುಡಿಮೆಯ ನಡುವೆಯೇ, ದುಡಿಯುವ ಕಲ್ಲಿನಿಂದಲೇ ಎದ್ದಿತು. ಇದನ್ನು ಒಪ್ಪಿದರೆ ನಮ್ಮ ಇನ್ನೊಂದು ಅಭ್ಯಾಸವನ್ನೂ ತಿದ್ದಿಕೊಳ್ಳಬೇಕಾಗುತ್ತದೆ. ವೀಣೆಯನ್ನು ಪೂಜೆಯ ಮಂಟಪದಲ್ಲಿಡುವ ನಾವು, ತಮಟೆಯವನನ್ನು ಶತಮಾನಗಳ ಕಾಲ ಊರ ಹೊರಗೆ ನಿಲ್ಲಿಸಿದೆವು. ಅವನಿಲ್ಲದೆ ಜಾತ್ರೆಯಿಲ್ಲ, ಹೆಣ ಎತ್ತುವಂತಿಲ್ಲ, ಊರಿಗೆ ಸುದ್ದಿ ಸಾರುವಂತಿಲ್ಲ. ಆದರೂ ಅವನು ಬಾರಿಸುವುದು ಸಂಗೀತವೆಂದು ನಾವು ಎಣಿಸಲಿಲ್ಲ. ಸತ್ತ ದನದ ಚರ್ಮವನ್ನು ಮುಟ್ಟಿದ ಕೈ ಎಂಬುದೊಂದೇ ನಮ್ಮ ಕಿವಿಯನ್ನು ಮುಚ್ಚಿತ್ತು. ಚಿಕ್ಕಬಳ್ಳಾಪುರ ಸೀಮೆಯ ಪಿಂಡಿಪಾಪನಹಳ್ಳಿಯ ತಮಟೆ ವಾದಕರಾದ ಮುನಿವೆಂಕಟಪ್ಪನವರಿಗೆ ೨೦೨೩ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ೨೦೦೭ರವರೆಗೆ ಆ ಊರು ಕೋಲಾರ ಜಿಲ್ಲೆಗೇ ಸೇರಿತ್ತು. ಸಂತೋಷದೊಡನೆ ಸ್ವಲ್ಪ ನಾಚಿಕೆಯನ್ನೂ ಪಟ್ಟಿದ್ದರೆ ಒಳ್ಳೆಯದಿತ್ತು. ಏಟಿನಿಂದ ನಾದವನ್ನೆಬ್ಬಿಸುವ ವಿದ್ಯೆ ವೀಣೆಯ ತಂತಿಗಿಂತ ಎಷ್ಟೋ ಹಳೆಯದು. ವಂಶದ ಹಿರಿತನಕ್ಕೆ ಮರ್ಯಾದೆ ಕೊಡುವ ನಮ್ಮ ದೇಶದಲ್ಲಿ ಆ ಮರ್ಯಾದೆ ಮೊದಲು ಸಲ್ಲಬೇಕಾಗಿದ್ದುದು ತಮಟೆಗೆ.

ಕಡೆಯದಾಗಿ ಒಂದು ಮಾತು. ಬೋಯಿವಿನ್ ಮೊದಲಾದವರು ಕಪ್ಪಗಲ್ಲಿನಲ್ಲಿ ಕೆಲಸಮಾಡುತ್ತಿದ್ದಾಗಲೇ ಬೆಟ್ಟದಲ್ಲಿ ಕಲ್ಲು ಗಣಿಯ ಸಿಡಿಮದ್ದು ಸಿಡಿಯುತ್ತಿತ್ತು. ಚಿತ್ರಗಳಿದ್ದ ಕೆಲವು ಬಂಡೆಗಳು ಅದಕ್ಕೆ ಆಹುತಿಯಾದುವು. ಕೋಲಾರ ಜಿಲ್ಲೆಯಲ್ಲಿಯೂ ಮಾಲೂರು ಟೇಕಲ್ ಕಡೆಗೆ ಹೋದವರು ಅರ್ಧ ಬೆಟ್ಟ ಕರಗಿ, ಆ ಜಾಗದಲ್ಲಿ ನೀರು ನಿಂತ ಹಳ್ಳಗಳಾಗಿರುವುದನ್ನು ಕಾಣಬಹುದು. ಆ ಬೆಟ್ಟ ಎಲ್ಲಿಗೆ ಹೋಯಿತು ಎಂದು ಇತರರನ್ನು ಕೇಳಬೇಕಾಗಿಲ್ಲ. ಅದು ಜಲ್ಲಿಯಾಗಿ, ಪುಡಿಯಾಗಿ, ಲಾರಿಯೇರಿ ಬೆಂಗಳೂರಿಗೆ ಬಂದು, ನಮ್ಮ ನಿಮ್ಮ ಮನೆಯ ತಾರಸಿಯಲ್ಲಿ ಕುಳಿತಿದೆ. ಮನೆ ಕಟ್ಟಬಾರದೆಂದು ನಾವು ಹೇಳುವುದಿಲ್ಲ. ಕೂಲಿಯವನ ಅನ್ನವನ್ನು ಕಸಿಯಬೇಕೆಂಬ ಉದ್ದೇಶವೂ ನಮಗಿಲ್ಲ. ಶಿಲಾಯುಗದವರೂ ಬೆಟ್ಟವನ್ನು ಒಡೆದೇ ಬದುಕಿದರು. ಆದರೆ ಅವರು ಒಡೆಯುವುದಕ್ಕೆ ಮುಂಚೆ ತಟ್ಟಿ ಕೇಳಿದರು. ನುಡಿಯುವ ಗುಂಡು ಯಾವುದು, ಕೊಡಲಿಗೆ ಆಗುವ ಗುಂಡು ಯಾವುದು ಎಂಬ ವಿವೇಕ ಅವರಿಗಿತ್ತು. ಸಿಡಿಮದ್ದಿಗೆ ಕಿವಿಯಿಲ್ಲ. ಯಾವ ಬಂಡೆಯ ಮೇಲೆ ಗೂಳಿಯಿದೆ, ಯಾವುದರಲ್ಲಿ ನಾದವಿದೆ ಎಂದು ಮೊದಲು ಹೋಗಿ ನೋಡಿ, ಕೇಳಿ, ಗುರುತುಮಾಡಿಡುವುದು ಕಿವಿಯುಳ್ಳ ನಮ್ಮ ಕೆಲಸ. ಪ್ರತಿಯೊಂದು ಕಾಲೇಜಿನವರೂ ತಮ್ಮ ತಮ್ಮ ತಾಲ್ಲೂಕಿನ ಬೆಟ್ಟಗಳನ್ನು ಒಂದು ಬೇಸಗೆ ಸುತ್ತಿದರೆ ಇದು ಆಗದ ಕಾರ್ಯವೇನೂ ಅಲ್ಲ.

ಆ ದಿನ ನರಸಾಪುರದಿಂದ ಹೊರಡುವಾಗ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಸುತ್ತಿಗೆಯನ್ನು ತೆಗೆದುಕೊಂಡು ಚಪ್ಪಡಿಗಳನ್ನು ತಟ್ಟಿ ನೋಡಿದರು. ಮೊದಲು ಎಲ್ಲ ಒಂದೇ ದನಿಯಾಗಿ ಕೇಳಿಸಿತು. ಹತ್ತು ಹದಿನೈದು ಕಲ್ಲುಗಳಾದ ಮೇಲೆ ನಗುತ್ತಿದ್ದ ಹುಡುಗನೇ, “ಇದು ಮೂಗ” ಎಂದು ಒಂದನ್ನು ಸರಿಯಾಗಿ ಗುರುತಿಸಿದನು. ಮುದುಕನು ತಲೆದೂಗಿ, ಆ ಚಪ್ಪಡಿಯನ್ನು ಬೇರೆಯಾಗಿ ಸರಿಸಿಟ್ಟನು.